ಚೀಟಿಯಕ್ಕ ನೋಡಿದ ಮುಕ್ಕಾಲು ಸಿನಿಮಾ

ಸಂಜೆ ನಾಲ್ಕು ಗಂಟೆ ನಲವತ್ತೆಂಟು ನಿಮಿಷಕ್ಕೆ ಅವಳು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕಾಲಿನಿಂದಲೇ ತಡಕುತ್ತ, ಕಣ್ಣನ್ನು ಮಾತ್ರ ಟೀವಿಯಿಂದ ಕೀಳದೆ ನಿಂತಿದ್ದಳು. ರಜೆಯ ಮೊದಲ ಭಾನುವಾರ ಮೂರು ಗಂಟೆಗೆ ಪ್ರತಿ ವರ್ಷ ಅದೇ ಹಳೆಯ ಕಪ್ಪು ಬಿಳುಪು ಸಿನಿಮಾ ಹಾಕುತ್ತಾರೆ. ರಜೆಗೆ ಹೊರಟ ಒಂದು ದೊಡ್ಡ ಕುಟುಂಬ, ಸಮುದ್ರದ ದಂಡೆಯಲ್ಲಿ ಒಂದು ಲಡಕಾಸಿ ಹೋಟೆಲು, ಅದಕ್ಕೊಬ್ಬ ಸಣಕಲು ಮಾಲೀಕ. ಸಿನಿಮಾ ಮುಗಿಯುವುದು ಐದು ಇಪ್ಪತ್ತೈದಕ್ಕೆ. ಅವಳ ಸೂಟ್‌ಕೇಸಿನ ಅಂಗಡಿ ತೆರೆಯುವುದು ಐದಕ್ಕೆ, ನಡಿಗೆ ಹನ್ನೆರಡು ನಿಮಿಷ. ಹಾಗಾಗಿ ಹನ್ನೊಂದು ವರ್ಷದಿಂದ ಕೊನೆಯ ಮೂವತ್ತೇಳು ನಿಮಿಷ ಅವಳ ಪಾಲಿಗೆ ಇರಲೇ ಇಲ್ಲ.

ನೋಡಿದಷ್ಟರಲ್ಲೇ ಅವಳು ವ್ಯಾಪಾರ ಕಲಿತಿದ್ದಳು. ಆ ಮಾಲೀಕ ಬಂದವರಿಗೆಲ್ಲ ಮೊದಲು ಹೋಟೆಲಿನ ಹುಳುಕು ಹೇಳುತ್ತಾನೆ. ನಲ್ಲಿ ಸೋರುತ್ತದೆ, ಮಂಚ ಕಿರುಗುಟ್ಟುತ್ತದೆ, ಸಮುದ್ರ ಕಾಣಬೇಕಾದರೆ ಬಚ್ಚಲಲ್ಲಿ ಸ್ಟೂಲು ಹತ್ತಬೇಕು. ಕೇಳಿದವರು ನಗುತ್ತಾರೆ, ಗಂಟುಮೂಟೆ ಇಳಿಸುತ್ತಾರೆ. ಮೊದಲ ಸಲ ನೋಡಿದ ಸಂಜೆಯೇ ಅವಳು ಅಂಗಡಿಯ ಒಂದು ಚೀಲಕ್ಕೆ ಅದರ ದೋಷ ಬರೆದ ಚೀಟಿ ಅಂಟಿಸಿದಳು. ಆ ಚೀಲ ಮರುದಿನವೇ ಮಾರಿಹೋಯಿತು. ಅಂದಿನಿಂದ ಬೀದಿಗೆಲ್ಲ ಅವಳು ಚೀಟಿಯಕ್ಕ.

ಚೀಟಿ ಸುಮ್ಮನೆ ಬರೆಯುವವಳಲ್ಲ. ಪ್ರತಿ ಸೂಟ್‌ಕೇಸಿನ ಜಿಪ್ಪನ್ನು ಇಪ್ಪತ್ತು ಸಲ ಎಳೆಯುವಳು. ಒಳಗೆ ಹಳೆಯ ದಿನಪತ್ರಿಕೆ ತುಂಬಿ ಮೂರನೆಯ ಮಹಡಿಯವರೆಗೆ ಎಳೆದುಕೊಂಡು ಹತ್ತುವಳು, ಇಳಿಯುವಳು. ಆಮೇಲೆ ಬರೆಯುವಳು: ‘ಎಡಗಡೆಯ ಹಿಂದಿನ ಗಾಲಿ ಕಿರುಗುಟ್ಟುತ್ತದೆ. ಎಣ್ಣೆಗೂ ಜಗ್ಗುವುದಿಲ್ಲ. ನೀವು ಬಂದದ್ದು ಮನೆಯವರಿಗೆ ಬೀದಿಯ ತಿರುವಿನಲ್ಲೇ ಗೊತ್ತಾಗುತ್ತದೆ.’ ತಾನು ಮಾರುವ ಯಾವ ಸಾಮಾನನ್ನೂ ಅವಳು ಒಂದು ದಿನವೂ ಹೊಗಳಿದ್ದನ್ನು ಯಾರೂ ಕೇಳಿಲ್ಲ.

ಈ ವರ್ಷ ಪೀಕಲಾಟ ತಂದವನು ಗಂಡನ ಅಣ್ಣ. ಅಂಗಡಿಯ ಕಟ್ಟಡ ಅವನದು. ಮುಚ್ಚುತ್ತಿದ್ದ ಕಾರ್ಖಾನೆಯೊಂದರಿಂದ ಅರವತ್ತನಾಲ್ಕು ಸೂಟ್‌ಕೇಸು ಅಗ್ಗಕ್ಕೆ ಹೊಡೆದುಕೊಂಡು ಬಂದೆ ಎಂದು ಮೀಸೆ ತಿರುವಿದ್ದ. ಅಟ್ಟಕ್ಕೇರಿಸಿ ನೋಡಿದರೆ ಕೈಗೆ ಸಿಕ್ಕಿದ್ದೆಲ್ಲ ಒಂದಕ್ಕಿಂತ ಒಂದು ಕುಲಗೆಟ್ಟವು. ತನ್ನ ಪೆದ್ದುತನವನ್ನು ಅವಳ ತಲೆಗೆ ಕಟ್ಟಲು ಅವನಿಗೆ ಎರಡು ದಿನವೂ ಬೇಕಾಗಲಿಲ್ಲ. ರಜೆ ಮುಗಿಯುವುದರೊಳಗೆ ಅಟ್ಟ ಖಾಲಿಯಾಗಬೇಕು, ಇಲ್ಲದಿದ್ದರೆ ಅಂಗಡಿಯ ಜಾಗ ಮೊಬೈಲಿನ ಕವರು ಮಾರುವವನಿಗೆ ಎಂದುಬಿಟ್ಟ. ಚೀಟಿ ಗೀಟಿ ಅಂಟಿಸಬೇಡ ಎಂದೂ ಸೇರಿಸಿದ. ಅವಳ ಗಂಡ ರೈಲಿನಲ್ಲಿ ಟಿಕೆಟ್ ನೋಡುವವನು. ಫೋನಿನಲ್ಲಿ ವಿಷಯ ಕೇಳಿ, ಸುರಂಗ ಬಂತು ಎಂದು ಇಟ್ಟ.

ಅವಳು ಅರವತ್ತನಾಲ್ಕನ್ನೂ ಮಹಡಿ ಹತ್ತಿಸಿ ಇಳಿಸಿದಳು. ದೋಷ ಕಂಡದ್ದಕ್ಕೆಲ್ಲ ಚೀಟಿ ಅಂಟಿಸಿಯೇ ಅಂಟಿಸಿದಳು.

ಮೊದಲ ವಾರ ಹತ್ತೊಂಬತ್ತು ಹೋದವು. ಕಿರುಗುಟ್ಟುವುದನ್ನೇ ಬೇಕೆಂದು ಒಯ್ದ ತಾಯಿಯೊಬ್ಬಳು, ನಿಲ್ದಾಣದಲ್ಲಿ ಕಣ್ತಪ್ಪಿಸಿ ಓಡುವ ಗಂಡನ ಕೈಗೆ ಇದನ್ನು ಕೊಡುತ್ತೇನೆ ಎಂದಳು. ಎರಡನೆಯ ವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಗಂಡನ ತಂಗಿ ಬಾಂಬು ಹಾಕಿದಳು.

“ಅತ್ತಿಗೆ, ನೀವು ಆ ಸಿನಿಮಾ ಕೊನೇತನಕ ನೋಡೇ ಇಲ್ವಾ? ಆ ಹೋಟೆಲಿನವನು ಕಳ್ಳ. ಹೋಟೆಲಿನ ನೆಲದಡಿ ಕದ್ದ ಮಾಲು ಹೂತಿಟ್ಟಿರ್ತಾನೆ. ಜನ ಉಳೀಬಾರ್ದು ಅಂತಲೇ ಹುಳುಕು ಹೇಳೋದು.”

ಭಾವ ತುತ್ತು ಬಿಟ್ಟು ನಕ್ಕ. ಹನ್ನೊಂದು ವರ್ಷ ಕಳ್ಳನ ಹತ್ತಿರ ಪಾಠ ಹೇಳಿಸಿಕೊಂಡ ಸೊಸೆ ಈ ಮನೆಗೇ ಸಿಗಬೇಕಿತ್ತೇ ಎಂದ. ಅವಳ ಕೈ ತಟ್ಟೆಯಲ್ಲೇ ನಿಂತಿತು. ಅಂಗಡಿ ಕೈತಪ್ಪಿದಂತೆಯೇ ಅನ್ನಿಸಿತು. ಆದರೂ ಲೆಕ್ಕ ಬಿಡುವ ಜಾತಿಯಲ್ಲ ಅವಳದು.

“ಅವನು ಹಾಗೆ ಹೇಳಿದ್ದಕ್ಕೆ ಜನ ಎದ್ದು ಹೋದ್ರಾ?”

“ಎಲ್ಲಿ ಹೋದ್ರು? ಇನ್ನೂ ಎರಡು ಬಸ್ಸು ಬಂದ್ವು. ಅದಕ್ಕೇ ಸಿಕ್ಕಿಬಿದ್ದ ಪಾಪ.”

“ಹಾಗಾದ್ರೆ ಮೇಷ್ಟ್ರು ಕೆಟ್ಟವರು ಅಷ್ಟೆ,” ಎಂದು ಅವಳು ಮತ್ತೆ ಉಣ್ಣತೊಡಗಿದಳು. “ಪಾಠ ಸರಿಯಾಗೇ ಇದೆ.”

ರಜೆಯ ಕೊನೆಯ ದಿನ ಭಾವ ಅಂಗಡಿಗೆ ಬಂದು ನೇರವಾಗಿ ಅಟ್ಟದ ಏಣಿ ಹತ್ತಿದ. ಅಲ್ಲಿ ಒಂದೇ ಒಂದು ನೀಲಿ ಸೂಟ್‌ಕೇಸು ಕೂತಿತ್ತು, ಚೀಟಿಯಿಲ್ಲದೆ. ಒಂದು ಉಳಿದರೂ ಉಳಿದಂತೆಯೇ ಎಂದು ಅವನು ಮೇಲಿನಿಂದಲೇ ಸಾರಿದ. ಅವಳು ಒಪ್ಪಿಕೊಂಡಳು. ಅದನ್ನು ನಾಲ್ಕು ಸಲ ಮಹಡಿ ಹತ್ತಿಸಿದ್ದಳು, ಬರೆಯಲು ಏನೂ ಸಿಕ್ಕಿರಲಿಲ್ಲ. ಕೆಳಗಿಟ್ಟಾಗಲೂ ಚೀಟಿ ಇಲ್ಲದ್ದನ್ನು ಗಿರಾಕಿಗಳು ಏನೋ ಮುಚ್ಚಿಟ್ಟಿದ್ದಾಳೆ ಎಂಬಂತೆ ನೋಡಿ ಸರಿದುಹೋಗುತ್ತಿದ್ದರು. ಸುಳ್ಳು ದೋಷವೊಂದನ್ನು ಗೀಚಿ ಅಂಟಿಸಿದ್ದರೆ ಅದೂ ಹೋಗುತ್ತಿತ್ತು. ಮೂರು ದಿನ ಪೆನ್ನು ಹಿಡಿದು ಕೂತಿದ್ದಳು, ಮನಸ್ಸು ಬರಲಿಲ್ಲ.

ಭಾವ ಅದನ್ನು ಕೆಳಗಿಳಿಸಿ ಜಿಪ್ಪು ಎಳೆದ, ಗಾಲಿ ತಿರುಗಿಸಿದ, ಮೂಲೆಗಳನ್ನು ಉಗುರಿನಿಂದ ಕೆರೆದ. ತರಕಾರಿಯವನ ತಕ್ಕಡಿಯನ್ನೂ ವೈದ್ಯರ ಥರ್ಮಾಮೀಟರನ್ನೂ ನಂಬದ ಮನುಷ್ಯ ಅವನು. ಕೊನೆಗೆ ಅವಳನ್ನು ಒಂದು ಪ್ರಶ್ನೆ ಕೇಳಿದ, ಅವಳು ಉತ್ತರ ಹೇಳಿದಳು. ಅವನು ಹಿಡಿಕೆ ಮೇಲಕ್ಕೆಳೆದು, ಆ ಸೂಟ್‌ಕೇಸನ್ನು ಉರುಳಿಸಿಕೊಂಡು ತನ್ನ ಮನೆಗೇ ಒಯ್ದ. ಅಟ್ಟ ಖಾಲಿಯಾಯಿತು. ಕವರು ಮಾರುವವನು ಬೇರೆ ಜಾಗ ನೋಡಿಕೊಂಡ.

ಏನು ಕೇಳಿದಿರಿ ಎಂದು ಯಾರಾದರೂ ಕೆದಕಿದರೆ ಭಾವ ಈಗಲೂ ಅದೇ ಗತ್ತಿನಲ್ಲಿ ಹೇಳುತ್ತಾನೆ. ಇದರಲ್ಲಿ ಎಷ್ಟು ದೋಷ ಇದೆ, ನಿಜ ಹೇಳಮ್ಮ ಎಂದನಂತೆ. ಅವಳು ಕೈಯಲ್ಲಿದ್ದ ಅಂಟಿನ ಬಾಟಲಿಗೆ ಮುಚ್ಚಳ ಹಾಕುತ್ತ ಹೇಳಿದಳಂತೆ:

“ಸೊನ್ನೆ.”