ಎಣ್ಣೆ ಕ್ಯಾನಿನ ನವಿಲು

ಪಕ್ಕದ ಮನೆಯವರು ಬೆಳಿಗ್ಗೆ ಕಸಕ್ಕೆ ಬೆಂಕಿ ಇಟ್ಟರೆಂದರೆ ಇಂಡಿ ಪಟ್ಟಣದ ನಮ್ಮ ಓಣಿಗೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. ನೀವಾದರೂ ಮೂಗು ಮುಚ್ಚಿಕೊಳ್ಳುತ್ತೀರಿ, ನಾನೂ ಮುಚ್ಚಿಕೊಳ್ಳುತ್ತೇನೆ. ಆದರೆ ಆ ವಾಸನೆ ನನ್ನನ್ನು ದೇವರ ಹಿಪ್ಪರಗಿಗೆ, ನನ್ನ ತಾಯಿಯ ತಂಗಿ ಚಿಗವ್ವನ ಪಡಸಾಲೆಗೆ ಒಯ್ದು ಬಿಡುತ್ತದೆ. ಊದಿನಕಡ್ಡಿಯ ಕೆಂಡದಿಂದ ಚಿಗವ್ವ ಶಾಂಪೂ ಬಾಟಲಿಗೆ ತೂತು ಕೊರೆಯುವಾಗ ಬರುತ್ತಿದ್ದದ್ದೂ ಇದೇ ವಾಸನೆ.

ಚಿಗವ್ವ ಏನನ್ನೂ ಎಸೆಯಲು ಬಿಡುತ್ತಿರಲಿಲ್ಲ. ಎಣ್ಣೆ ಕ್ಯಾನು, ಔಷಧಿಯ ಮುಚ್ಚಳ, ಹಾಲಿನ ಪಾಕೀಟು ಎಲ್ಲವನ್ನೂ ಸೀಗೆಕಾಯಿ ನೀರಿನಲ್ಲಿ ತೊಳೆದು, ಜಿಡ್ಡು ಬಿಡಿಸಿ ಒಣಹಾಕುವಳು. ಓಣಿಯವರು ನಕ್ಕರೆ, "ನಗ್ರಿ ನಗ್ರಿ, ಮದವಿ ಬಂದಾಗ ನನ್ನ ಬಾಗಲಕ್ಕ ಬರ್ತೀರಿ" ಎನ್ನುವಳು. ಬರುತ್ತಲೂ ಇದ್ದರು. ನಮ್ಮ ಕಡೆ ಮದುವೆಯಲ್ಲಿ ರುಕ್ವತ ಇಡುತ್ತಾರಲ್ಲ, ಮಂಟಪದ ಪಕ್ಕ ಹೆಣ್ಣಿನ ಕಡೆಯವರು ಕೈಕೆಲಸವನ್ನೆಲ್ಲ ಜೋಡಿಸಿ, ಮದುಮಗಳು ಎಷ್ಟು ಜಾಣೆ ನೋಡಿ ಎಂದು ಬೀಗರಿಗೆ ತೋರಿಸುವುದು? ಸಿಂದಗಿಯಿಂದ ಬಾಗೇವಾಡಿಯ ತನಕ ನಮ್ಮ ಬಳಗದ ಹೆಣ್ಣುಮಕ್ಕಳ ಆ ಜಾಣತನವೆಲ್ಲ ಚಿಗವ್ವನ ಪಡಸಾಲೆಯಲ್ಲೇ ತಯಾರಾದದ್ದು. ನನ್ನದೂ ಅಷ್ಟೇ. ಸೂಜಿಗೆ ದಾರ ಪೋಣಿಸಲು ನನಗೆ ಈಗಲೂ ನಾಲ್ಕು ಸಲ ಬೇಕು.

ನನಗಾಗಿ ಆಕೆ ಮಾಡಿದ್ದು ನವಿಲು. ಮೈ ಎಣ್ಣೆ ಕ್ಯಾನಿನದು. ನೀಲಿ, ಹಸಿರು ಬಾಟಲಿಗಳನ್ನು ಗರಿಯ ಹಾಗೆ ಕತ್ತರಿಸಿ, ಚಿಮಣಿ ದೀಪದ ಉರಿಗೆ ಹಿಡಿದು ಒಂದೊಂದರ ತುದಿ ಬಾಗಿಸಿದ್ದಳು. ಎರಡು ಬೆರಳಿಗೆ ಬೊಬ್ಬೆ ಎದ್ದಿದ್ದವು. ಮದುವೆಯ ದಿನ ಬೀಗರು ಸುತ್ತ ನೆರೆದು, "ಹುಡುಗಿ ಕೈ ಭಾಳ ಚಂದ ಐತಿ ನೋಡ್ರಿ" ಎಂದರು. ನಾನು ತಲೆ ತಗ್ಗಿಸಿದೆ. ಮದುಮಗಳ ನಾಚಿಕೆ ಎಂದು ಅವರು ತಿಳಿದರು.

ಆ ಹೊತ್ತಿಗೆ ಚಿಗವ್ವ ಹಿಂದಿನ ಕೋಣೆಯಲ್ಲಿ ಅಡುಗೆಯವರಿಗೆ ಉಳ್ಳಾಗಡ್ಡಿ ಹೆಚ್ಚಿ ಕೊಡುತ್ತಿದ್ದಳು. ಗಂಡ ಬಿಟ್ಟವಳು, ಮಂಟಪದಲ್ಲಿ ಅವಳ ಮುಖ ಕಂಡರೆ ಅಪಶಕುನವಂತೆ! ಕೈ ಬೇಕು, ಮುಖ ಬೇಡ. ಬಿಟ್ಟು ಓಡಿದವನು ಅವನು, ಮರೆಯಲ್ಲಿ ಕೂರಬೇಕಾದವಳು ಇವಳು. ಇದು ಯಾವ ಸೀಮೆಯ ನ್ಯಾಯ? ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ. ಆವತ್ತು ಮಾತ್ರ ನಾನು ತುಟಿ ಪಿಟ್ಟೆನ್ನಲಿಲ್ಲ.

ನವಿಲು ನನ್ನ ಜೊತೆ ಇಂಡಿಗೆ ಬಂದು ಶೋಕೇಸು ಸೇರಿತು. ಮನೆಗೆ ಬಂದವರಿಗೆಲ್ಲ ನಮ್ಮತ್ತೆ, "ನಮ್ಮ ಸೊಸಿ ಮಾಡಿದ್ದು" ಎಂದು ತೋರಿಸುವರು. ನಾನು ಚಹಾ ತರುವ ನೆಪದಲ್ಲಿ ಒಳಗೆ ಸರಿಯುವೆ. ಇಪ್ಪತ್ತೆರಡು ವರ್ಷ ಹೀಗೇ ಚಹಾ ತಂದೆ.

ಹೋದ ವಾರ ಆ ಸುಳ್ಳು ಕುತ್ತಿಗೆಗೆ ಬಂತು. ತನ್ನ ಮಗಳ ಲಗ್ನದ ಮಾತಿಗೆಂದು ಮುದ್ದೇಬಿಹಾಳದಿಂದ ಬಂದ ನಾದಿನಿ, ನೆಂಟರೆಲ್ಲ ಕೂತಿರುವಾಗಲೇ, "ವೈನಿ, ನಮ್ಮ ಹುಡುಗಿ ರುಕ್ವತಕ್ಕ ಇಂಥಾದ ಒಂದ ನವಿಲ ಮಾಡಿಕೊಡ್ರಿ" ಎಂದುಬಿಟ್ಟಳು. ಎಲ್ಲರೂ ನನ್ನ ಕೈ ನೋಡಿದರು.

"ಅದು ನಾ ಮಾಡಿದ್ದಲ್ರಿ" ಎಂದೆ. "ನಮ್ಮ ಚಿಗವ್ವ ಮಾಡಿದ್ದು. ಆಕಿಗೆ ಕೇಳ್ತೇನಿ. ಆದ್ರ ನವಿಲ ಬೇಕಂದ್ರ ಆಕಿನೂ ಮಂಟಪಕ್ಕ ಬರ್ತಾಳ, ಮುಂದಿನ ಸಾಲಿನ್ಯಾಗ ಕೂಡ್ತಾಳ."

ಅತ್ತೆಯ ಮುಖ ಇಷ್ಟು ಸಣ್ಣದಾಯಿತು. "ಯಾರು, ಆ ಗಂಡ ಬಿಟ್ಟಾಕಿನ?"

ನಾದಿನಿ ಒಂದು ಗಳಿಗೆಯೂ ತಡೆಯಲಿಲ್ಲ. "ಹಂಗಾರ ಬ್ಯಾಡ ಬಿಡ್ರಿ ವೈನಿ. ವಿಜಯಪುರದಾಗ ತಯಾರ ಮಾಡಿದ್ದ ಸಿಗ್ತಾವು."

ಕಸದಲ್ಲಿ ಬಿದ್ದ ಬಾಟಲಿಗೂ ನಮ್ಮ ಮಂಟಪದಲ್ಲಿ ಜಾಗವಿದೆ, ಅದನ್ನು ಎತ್ತಿಕೊಂಡು ಚಂದಗಾಣಿಸಿದವಳಿಗೆ ಇಲ್ಲ. ಅಲ್ಲಿ ಕೂತರೆ ಏನು ಅಂದುಬಿಡುತ್ತೇನೋ ಎಂದು ಹಿತ್ತಲಿಗೆ ಹೋಗಿ ಚಿಗವ್ವನಿಗೆ ಫೋನು ಹಚ್ಚಿದೆ.

"ಚಿಗವ್ವ, ನವಿಲ ನೀ ಮಾಡಿದ್ದಂತ ಇವತ್ತ ಹೇಳೀನಿ."

"ಯಾರ ಮುಂದ?"

"ಎಲ್ಲಾರ ಮುಂದ."

ಇಲ್ಲದ ಉಸಾಬರಿ ಯಾಕೆ ಮಾಡಿದೆ ಎಂದು ಬೈಯುತ್ತಾಳೆ ಅಂದುಕೊಂಡೆ.

"ಹೆಸರ ಹೇಳಿದೇನು?" ಎಂದಳು.

ಹೇಳಿರಲಿಲ್ಲ. ಚಿಗವ್ವ ಎಂದಿದ್ದೆ, ಅಷ್ಟೇ. ಫೋನು ಇಡದೆ ಹಾಗೇ ಒಳಗೆ ಹೋದೆ. ಎಲ್ಲರೂ ಲಗ್ನದ ಯಾದಿ ಬರೆಯುತ್ತ ಕೂತಿದ್ದರು. ನಡುವೆ ನಿಂತು, ಫೋನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ನೀಲವ್ವ. ನೀಲವ್ವ ಗುರಪ್ಪ ಬಿರಾದಾರ."