ಮಾವನವರು ಓದಿದ ಚೀನಾ ವಿಮಾನ

ನನ್ನ ಮಾವನವರು ಮೂವತ್ತು ವರ್ಷ ವಿಮಾನ ಕಾರ್ಖಾನೆಯಲ್ಲಿ ತಗಡಿಗೆ ತಗಡು ಬೆಸೆಯುವ ರಿವೆಟ್ ಹೊಡೆದವರು. ಹೋದ ವರ್ಷ ಸ್ಟ್ರೋಕ್ ಆದ ಮೇಲೆ ಕೈಕಾಲು ಬೇಗ ಸುಧಾರಿಸಿದವು, ಮಾತು ಮಾತ್ರ ಹಿಂದುಳಿಯಿತು. ಹೇಳಬೇಕೆಂದಿದ್ದು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಅವರು ಕಣ್ಣು ಮುಚ್ಚಿ ಕಾಯುತ್ತಿದ್ದರು, ನಾನೂ ಸಾರಿನ ಸೌಟು ಹಿಡಿದು ಕಾಯುತ್ತಿದ್ದೆ.

ಕುಮಾರಸ್ವಾಮಿ ಲೇಔಟಿನ ನಮ್ಮ ಪಾರ್ಕಿನಲ್ಲಿ ಹಿರಿಯರ ಬಳಗವೊಂದಿದೆ. ತಿಂಗಳ ಮೊದಲ ಭಾನುವಾರ ಯಾರಾದರೂ ಒಬ್ಬರು ಹತ್ತು ನಿಮಿಷ ಮಾತನಾಡಬೇಕು. ಮಾವನವರ ಸರದಿ ಬಂದಾಗ, ಈ ಸಲ ಅವರನ್ನು ಬಿಟ್ಟುಬಿಡೋಣವೇ ಎಂದು ಬಳಗದವರು ನನಗೆ ಫೋನ್ ಮಾಡಿದರು. ಪಕ್ಕದಲ್ಲೇ ಕುಳಿತಿದ್ದ ಮಾವನವರಿಗೆ ಅದು ಕೇಳಿಸಿ ಮುಖ ಸಣ್ಣದಾಯಿತು. ಮರುದಿನ ಬೆಳಗ್ಗೆ ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಮುಂದಿಟ್ಟರು: ‘ಚೀನಾದ ಹೊಸ ಯುದ್ಧವಿಮಾನಗಳು.’

ಅಡುಗೆಮನೆಯಲ್ಲೇ ತಾಲೀಮು ಶುರುವಾಯಿತು. ಇಂಗ್ಲಿಷ್ ಲೇಖನಗಳನ್ನು ಓದಿ ಹೇಳುವುದು ನನ್ನ ಪಾಲು. ಕಾನ್ವೆಂಟಿನ ಸಿಸ್ಟರುಗಳು ನನಗೆ ಇಂಗ್ಲಿಷನ್ನೂ ಕಸೂತಿಯನ್ನೂ ಚೆನ್ನಾಗಿ ಕಲಿಸಿದ್ದರು, ರೇಡಾರ್ ಕಲಿಸಿರಲಿಲ್ಲ. ನಾನು ಓದಿದ್ದು ಅವರಿಗೆ ಅರ್ಥವಾಗುತ್ತಿತ್ತು, ನನಗೆ ಆಗುತ್ತಿರಲಿಲ್ಲ. ಜೆ-20 ಎಂಬ ವಿಮಾನಕ್ಕೆ ದೊಡ್ಡ ರೆಕ್ಕೆಗಳ ಮುಂದೆ ಇನ್ನೆರಡು ಪುಟ್ಟ ರೆಕ್ಕೆಗಳು. ಗಕ್ಕನೆ ತಿರುಗಲು ಅವೇ ಆಸರೆ. ಕ್ಷಿಪಣಿಗಳನ್ನು ರೆಕ್ಕೆಯ ಕೆಳಗೆ ನೇತುಹಾಕದೆ ಹೊಟ್ಟೆಯೊಳಗೆ ಬಚ್ಚಿಟ್ಟುಕೊಳ್ಳುತ್ತದೆ. ಆ ಹೊಟ್ಟೆಯ ಬಾಗಿಲಿನ ಅಂಚು ಯಾಕೆ ಗರಗಸದ ಹಾಗಿದೆ ಎಂದು ಕೇಳಿದೆ. ಮಾತು ಸಿಗದೆ ಅವರು ಎದ್ದು ಬಂದರು. ಕರಿಯಲೆಂದು ನಾನು ಹಲ್ಲಿನ ಚಕ್ರದಲ್ಲಿ ಕತ್ತರಿಸಿಟ್ಟಿದ್ದ ಕರ್ಜಿಕಾಯಿಯೊಂದನ್ನು ಎತ್ತಿ, ಅದರ ಅಂಕುಡೊಂಕು ಅಂಚಿನ ಮೇಲೆ ಬೆರಳಾಡಿಸಿದರು. ನೇರ ಅಂಚಾದರೆ ರೇಡಾರಿನ ಅಲೆ ಬಡಿದು, ಬಂದ ಕಡೆಗೇ ವಾಪಸ್ಸಾಗಿ ವಿಮಾನದ ಸುಳಿವು ಕೊಟ್ಟುಬಿಡಬಹುದು. ಹಲ್ಲಿದ್ದರೆ ಅತ್ತಿತ್ತ ಚದುರಿಹೋಗುತ್ತದೆ. ಇಷ್ಟು ಹೇಳಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ಎಣ್ಣೆ ಹೊಗೆಯಾಡತೊಡಗಿತು. ನಾನು ಒಲೆ ಆರಿಸಿ ಕೇಳುತ್ತ ನಿಂತೆ.

ಭಾನುವಾರ ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ನಿಂತೇ ಮಾತನಾಡಿದರು. ತಡವರಿಸಿದರೆ ನೀನು ಹೇಳಿಕೊಡಕೂಡದು ಎಂದು ಮೊದಲೇ ತಾಕೀತು ಮಾಡಿದ್ದರು. ಅವರ ಮಾತು ನಿಂತಲ್ಲೆಲ್ಲ ಮುಂದಿನ ಪದ ನನ್ನ ಬಾಯಿಗೆ ಬರುತ್ತಿತ್ತು. ನುಂಗಿಕೊಂಡು ಸೆರಗಿನ ತುದಿ ಸುತ್ತುತ್ತ ಕುಳಿತೆ. ಪ್ರಿಂಟ್ ಹಾಕಿಸಿದ್ದ ಫೋಟೋ ಎತ್ತಿ, ತಗಡಿಗೆ ತಗಡು ಹೇಗೆ ಕೂಡಿದೆ, ಉಗುರು ಹೋಗುವಷ್ಟೂ ಸಂದಿಲ್ಲ ಎಂದು ತೋರಿಸುತ್ತಿದ್ದಾಗ, ಹಿಂದಿನ ಸಾಲಿನ ನಿವೃತ್ತ ಮೇಷ್ಟ್ರೊಬ್ಬರು ಕಾಲೆಳೆದರು.

"ಏನ್ ಸಾರ್, ಗಡೀಲಿ ನಮ್ ಮೇಲೇ ಕಣ್ಣಿಟ್ಟಿರೋ ವಿಮಾನನ ಇಷ್ಟು ಹೊಗಳ್ತಿದ್ದೀರ? ಪಾರ್ಟಿ ಗೀರ್ಟಿ ಬದಲಾಯ್ಸಿದ್ರಾ?"

ಎಲ್ಲರೂ ನಕ್ಕರು. ಮಾವನವರು ಕಣ್ಣು ಮುಚ್ಚಿದರು. ನಗು ನಿಂತಿತು, ಯಾರೋ ಕೆಮ್ಮಿದರು, ಬೆಂಚಿನ ಮೇಲೆ ಹೊಂಗೆಯ ಎಲೆಯೊಂದು ಬಿದ್ದಿತು. ಇನ್ನು ಕೂತುಬಿಡುತ್ತಾರೆ ಎಂದುಕೊಂಡೆ.

"ಹೊಗಳ್ತಿಲ್ಲ ಸಾರ್," ಎಂದರು. "ಈ ಜಾಯಿಂಟ್ ನೋಡಿ. ಇದನ್ನ ಮಾಡಿದೋನಿಗೂ... ಸಂಜೆ... ಭುಜ ನೋಯ್ತಿತ್ತು. ನಂಗೊತ್ತು. ನಮ್ ಹುಡುಗ್ರು ಇದಕ್ಕಿಂತ ಚೆನ್ನಾಗಿ... ಮಾಡ್ಬೇಕು. ಅದಕ್ಕೇ ತೋರಿಸ್ದೆ."

ಮೇಷ್ಟ್ರು ಎದ್ದು ಬಂದು ಫೋಟೋ ಇಸಿದುಕೊಂಡರು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, ತಾವೇ ಅದನ್ನು ಪಕ್ಕದವರಿಗೆ ದಾಟಿಸಿದರು.

ಮನೆಗೆ ನಡೆದು ಬರುವಾಗ ಮಾವನವರು, ಎಷ್ಟು ಕಡೆ ತಡವರಿಸಿದೆ ಎಂದು ಕೇಳಿದರು. ಎರಡೇ ಕಡೆ ಎಂದೆ.

"ಒಂಬತ್ತು. ನಮ್ ಇನ್ಸ್‌ಪೆಕ್ಷನ್ನೋರು ನಿನ್ ಥರ ಪಾಸ್ ಮಾಡಿದ್ರೆ ಒಂದು ವಿಮಾನನೂ ಮೇಲೆ ಇರ್ತಿರ್ಲಿಲ್ಲಮ್ಮ."

ಅಷ್ಟುದ್ದದ ಮಾತು ಎಲ್ಲೂ ನಿಲ್ಲದೆ ಬಂದಿತ್ತು. ಅವರು ಅದನ್ನು ಗಮನಿಸಲಿಲ್ಲ.