ಬಣ್ಣವೊಂದೇ ನಿಧಾನವಾಗಿ

ಮಂಡ್ಯದಲ್ಲಿ ಜೆರಾಕ್ಸ್ ಅಂಗಡಿಯೊಂದರ ಮಹಡಿಯ ಮೇಲೆ ವೆಬ್‌ಸೈಟು ಮಾಡಿಕೊಡುವ ಕೋಣೆಯಿತ್ತು. ಅಲ್ಲಿ ಮಳವಳ್ಳಿಯ ನಾನು, ಬೆಳಕವಾಡಿಯ ಒಬ್ಬ ಹುಡುಗಿ, ಇಬ್ಬರೂ ಕೆಲಸ ಕಲಿಯುತ್ತಿದ್ದೆವು. ಸಂಬಳದ ಕೆಲಸ ಇದ್ದದ್ದು ಒಬ್ಬರಿಗೆ. "ಇಬ್ರಲ್ಲಿ ಒಬ್ರು ಉಳೀತೀರ, ಇನ್ನೊಬ್ರಿಗೆ ಬಸ್ಸು," ಎಂದು ಮಾಲೀಕರು ಮೊದಲ ದಿನವೇ ಹೇಳಿದ್ದರು.

ಕೆಲಸ ಅಷ್ಟಕ್ಕಷ್ಟೇ ಬರುತ್ತಿದ್ದ ನಾನು ಅಣಕ ಮಾಡಿಯೇ ಉಳಿದುಕೊಳ್ಳುವ ಲೆಕ್ಕ ಹಾಕಿದ್ದೆ. ಮಾಲೀಕರ ಕೆಮ್ಮು, ಟೀ ತರುವಾತನ ಕುಂಟು, ನನ್ನದೇ ಇಂಗ್ಲಿಷು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ಆ ಹುಡುಗಿಯ ನಡಿಗೆ, ಮೂಗಿನ ದನಿ, ದುಪಟ್ಟಾ ಎಳೆದುಕೊಳ್ಳುವುದು ಎಲ್ಲವನ್ನೂ ಒಟ್ಟಿಗೆ ಮಾಡಿ ತೋರಿಸಿದೆ.

"ಯಾರ್ಲಾ ಇದು, ನಿಮ್ಮಜ್ಜೀನಾ?" ಎಂದರು ಮಾಲೀಕರು. ನಾನು ಅವಳ ಕಡೆ ಬೆರಳು ತೋರಿಸಿದ ಮೇಲಷ್ಟೇ ನಗು ಎದ್ದಿತು. ಅವಳು ತಲೆ ಎತ್ತಲಿಲ್ಲ.

ಮದ್ದೂರಿನ ಕಲ್ಯಾಣಮಂಟಪವೊಂದರ ವೆಬ್‌ಸೈಟು ನನ್ನ ಪಾಲಿಗೆ ಬಂತು. ಕ್ಯಾಲೆಂಡರಿನಲ್ಲಿ ತಾರೀಖು ಮುಟ್ಟಿದರೆ ಅದರ ಚೌಕ ಹಸಿರಿನಿಂದ ಕೆಂಪಿಗೆ ಮೆಲ್ಲಗೆ ತಿರುಗಬೇಕು. ಅದರ ಸಾಲಿನಡಿ ಬಾಡಿಗೆಯ ವಿವರ ತಟ್ಟನೆ ತೆರೆದುಕೊಳ್ಳಬೇಕು. ಯಾವುದು ನಿಧಾನವಾಗಿ ಬದಲಾಗಬೇಕೋ ಅದರ ಹೆಸರನ್ನಷ್ಟೇ ಪುಟದ ಬಣ್ಣ-ಅಳತೆ ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಬರೆಯುವುದು ಕ್ರಮ. ನಾನು ಆ ಗೋಜಿಗೇ ಹೋಗದೆ, ಟ್ರಾನ್ಸಿಷನ್ ಎಂಬುದರ ಮುಂದೆ ಎಲ್ಲವೂ ಎಂಬರ್ಥದ 'ಆಲ್' ಬರೆದು, ಶೋಕಿಗೆ ಎರಡು ಸೆಕೆಂಡು ಕೊಟ್ಟೆ. ಬಣ್ಣದ ಜೊತೆಗೆ ಎತ್ತರ, ಅಂಚು, ಅಕ್ಷರ ಎಲ್ಲವೂ ಮಲಗಿದ್ದ ಎಮ್ಮೆ ಎದ್ದಂತೆ ಏಳತೊಡಗಿದವು. ನನ್ನ ಕಣ್ಣಿಗೆ ಬಲು ಚೆಂದ.

ಮಂಟಪದ ಯಜಮಾನರು ಬಂದು ಫೋನಿನಲ್ಲಿ ಐದನೇ ತಾರೀಖು ಮುಟ್ಟಿದರು. ಬಾಡಿಗೆಯ ವಿವರಕ್ಕೆ ಜಾಗ ಬಿಡುತ್ತಾ ಕೆಳಗಿನ ಸಾಲುಗಳು ಇನ್ನೂ ಜಾರುತ್ತಿರುವಾಗಲೇ ಹತ್ತೊಂಬತ್ತರ ಮೇಲೆ ಹೆಬ್ಬೆರಳಿಟ್ಟರು. ಅಷ್ಟರಲ್ಲಿ ಬೆರಳಿನಡಿಗೆ ಹನ್ನೆರಡು ಬಂದು ಕೂತಿತ್ತು.

"ಏನ್ಲಾ ಇದು? ಅತ್ತೊಂಬತ್ತು ಮುಟ್ಟುದ್ರೆ ಅನ್ನೆರಡು ಕೆಂಪಾಯ್ತದೆ! ಮುಹೂರ್ತ ಬದ್ಲಾಯ್ಸಕ್ಕೆ ಜೋಯಿಸ್ರವ್ರೆ, ನೀ ಯಾವನ್ಲಾ?"

"ಇವ್ನು ಎಲ್ಲಾರ್ನೂ ಆಡ್ಕಳೋನು ಸ್ವಾಮಿ, ಕೆಲ್ಸ ಬುಟ್ಟು," ಎಂದ ಮಾಲೀಕರು ಹುಡುಗಿಯ ಕಡೆ ತಿರುಗಿದರು. "ನೀ ಒಸಿ ಇವನ್ನ ಮಾಡಿ ತೋರ್ಸು ಕಣಮ್ಮ."

ಅವಳು ಏಳಲಿಲ್ಲ. ನನ್ನ ದನಿ ತೆಗೆಯಲಿಲ್ಲ, ಕೈ ಆಡಿಸಲಿಲ್ಲ. ಕಣ್ಣುಗಳನ್ನು ಮಾತ್ರ ಒಬ್ಬೊಬ್ಬರ ಮುಖದ ಮೇಲೂ ಹೊರಳಿಸಿದಳು, ಯಾರಾದರೂ ನಕ್ಕಾರೇ ಎಂದು ಬೇಡುವವಳಂತೆ. ಅಷ್ಟೇ. ಟೀ ತರುವಾತ ಗೋಡೆ ಹಿಡಿದುಕೊಂಡು ನಕ್ಕ. ನನ್ನನ್ನು ಅದೇ ತಾನೇ ಕಂಡಿದ್ದ ಯಜಮಾನರಿಗೂ ಗುರುತು ಸಿಕ್ಕಿತು. ನಾನೂ ನಕ್ಕೆ, ನಗುತ್ತಾ, ಯಾರ್ಯಾರು ನಗುತ್ತಿದ್ದಾರೆಂದು ಸುತ್ತ ನೋಡಿದೆ. ಆಗ ಇನ್ನೂ ಜೋರಾಗಿ ನಕ್ಕರು.

ಆಮೇಲೆ ಅವಳು ಎದ್ದು ಬಂದು, ನನ್ನ ಹೆಗಲ ಮೇಲಿನಿಂದ ಬಗ್ಗಿ 'ಆಲ್' ಅಳಿಸಿ, ಅಲ್ಲಿ ಹಿನ್ನೆಲೆ ಬಣ್ಣದ ಹೆಸರೊಂದನ್ನೇ ಬರೆದಳು. "ಎಲ್ಲಾನೂ ಆಡ್ಸಕ್ಕೋದ್ರೆ ಯಾವ್ದೂ ನೆಟ್ಟಗೆ ಕಾಣಕಿಲ್ಲ ಕಣ್ಲಾ."

ಯಜಮಾನರು ಮತ್ತೆ ಐದು ಮುಟ್ಟಿದರು. ಸಾಲುಗಳು ಒಮ್ಮೆಗೇ ಸರಿದು ನಿಂತವು. ಹತ್ತೊಂಬತ್ತು ಮುಟ್ಟಿದರೆ ಹತ್ತೊಂಬತ್ತೇ ಮೆಲ್ಲಗೆ ಕೆಂಪಾಯಿತು.

"ಈಗ ಸರೋಯ್ತು ಕಣವ್ವ," ಎಂದರು ಅವಳಿಗೆ.

ಮಾಲೀಕರು ನನ್ನತ್ತ ನೋಡಿದರು. "ಅವ್ಳ್ಗೆ ಕೆಲ್ಸಾನೂ ಬತ್ತದೆ, ನಿನ್ ಕೋಡಂಗಿ ಆಟಾನೂ ಬತ್ತದೆ. ಇನ್ನ ನೀನ್ಯಾತಕ್ಲಾ?"

ನಾನು ಮತ್ತೆ ಒಬ್ಬೊಬ್ಬರ ಮುಖ ನೋಡಿದೆ. ಅವಳು ಕಾಯಲಿಲ್ಲ. ನನ್ನ ಕುರ್ಚಿಯಡಿಯ ಹಿಡಿಯನ್ನು ಎಳೆದು, ನಾನಿನ್ನೂ ಅದರ ಮೇಲಿರುವಾಗಲೇ, ಕುರ್ಚಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು.